ಓಡಿಹೋಗದ ಊರು

ಪ್ರೀತಿಯ ಮಂಜು,

ನಿಮ್ಮಜ್ಜಿ ಪ್ಲೇಗಿನ ಕಥೆ ಹೇಳ್ತಿದ್ದರಲ್ಲ, ನೆನಪಿದೆಯಾ? ಮನೇಲಿ ಇಲಿ ಬಿತ್ತು ಅಂದರೆ ಸಾಕು, ಪಾತ್ರೆಪಗಡ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ ಜೋಪಡಿ ಹಾಕಿಕೊಳ್ಳುತ್ತಿತ್ತು ಅಂತ. ಹೋದ ಶನಿವಾರ ನಾನು ಅದೇ ಪ್ಲೇಗು ಬಂದಾಗ ಒಬ್ಬರೂ ಹೊರಗೆ ಹೋಗಬಾರದು ಅಂತ ತೀರ್ಮಾನ ಮಾಡಿದ ಊರೊಂದನ್ನು ನೋಡಿ ಬಂದೆ. ಅವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ನಿನಗೆ ಬರೆಯದೆ ಇರೋಕೆ ಆಗಲಿಲ್ಲ.

ಊರಿನ ಹೆಸರು ಈಮ್. ಇಂಗ್ಲೆಂಡಿನ ಶೆಫೀಲ್ಡ್‌ ನಗರದಿಂದ ಬಸ್ಸಲ್ಲಿ ಹೋಗಬಹುದು. ಡರ್ಬಿಶೈರ್ ಜಿಲ್ಲೆಯ ಗುಡ್ಡಗಳ ನಡುವೆ ಇರೋ ಹಳ್ಳಿ, ಜನ ಸಾವಿರದ ಒಳಗೇ. ಹಿಂದೆ ಇಲ್ಲಿ ಸೀಸದ ಗಣಿ ಕೆಲಸ ಜೋರಾಗಿತ್ತು. ಈಗ ಒಂದು ಪ್ರೈಮರಿ ಶಾಲೆ, ಒಂದು ಪಬ್, ಚಹಾ ಕುಡಿಯೋಕೆ ಜಾಗ, ಹುಲ್ಲುಹಾಸಿನ ಪಕ್ಕ ಹಳೇ ಕಾಲದಲ್ಲಿ ತಪ್ಪು ಮಾಡಿದವರ ಕಾಲು ಸಿಕ್ಕಿಸಿ ಕೂರಿಸುತ್ತಿದ್ದ ಮರದ ಹಲಗೆ. ನನಗೆ ಇಷ್ಟವಾಗಿದ್ದು ಬೀದಿ ಬದಿಯ ಕಲ್ಲುಬಾನಿಗಳು. 1588ರಲ್ಲೇ ಗುಡ್ಡದ ಬುಗ್ಗೆ ನೀರನ್ನು ಹಾಯಿಸಿ, ಊರಿನ ಬೇರೆಬೇರೆ ಕಡೆ ಎಲ್ಲರಿಗೂ ಸಿಗೋ ಹಾಗೆ ಬಾನಿ ಇಟ್ಟಿದ್ದರಂತೆ. ಕೆಲವು ಇವತ್ತಿಗೂ ಇವೆ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು. ಈ ಊರಿನ ದರ್ಜಿಯೊಬ್ಬನಿಗೆ ಅಲ್ಲಿಂದ ಒಂದು ಗಂಟು ಬಟ್ಟೆ ಬಂತು. ಒದ್ದೆಯಾಗಿದೆ ಅಂತ ಅವನ ಕೈಕೆಳಗಿನ ಹುಡುಗ ಜಾರ್ಜ್ ವಿಕಾರ್ಸ್ ಅದನ್ನು ಬೆಂಕಿ ಮುಂದೆ ಹರವಿದ. ಬಟ್ಟೆಯಲ್ಲಿ ಪ್ಲೇಗು ಹರಡೋ ಚಿಗಟ ಇದ್ದವು ಅಂತ ಊರಿನವರು ಹೇಳ್ತಾರೆ. ಸೆಪ್ಟೆಂಬರ್ 7ಕ್ಕೆ ಅವನನ್ನು ಮಣ್ಣು ಮಾಡಿದರು. ಚಳಿಗಾಲದಲ್ಲಿ ರೋಗ ಸ್ವಲ್ಪ ತಗ್ಗಿತು. ಬೇಸಿಗೆ ಹತ್ತಿರ ಬಂದ ಹಾಗೆ ಮತ್ತೆ ಎದ್ದಿತು.

ಆಗ ಊರಲ್ಲಿದ್ದ ಪಾದ್ರಿ ವಿಲಿಯಂ ಮೋಂಪೆಸನ್, ಇನ್ನೂ ಇಪ್ಪತ್ತೆಂಟರ ಹುಡುಗ. ಊರಿಗೆ ಹೊಸಬ, ಜನಕ್ಕೆ ಅವನ ಮೇಲೆ ನಂಬಿಕೆ ಇರಲಿಲ್ಲ. ಹಳೇ ಪಾದ್ರಿ ಥಾಮಸ್ ಸ್ಟ್ಯಾನ್ಲಿಯನ್ನು ಧರ್ಮದ ಜಗಳದಲ್ಲಿ ಕೆಲಸದಿಂದ ತೆಗೆದಿದ್ದರು, ಆದರೆ ಜನರ ಮನಸ್ಸು ಅವನ ಕಡೆಗೇ ಇತ್ತು. ಒಬ್ಬರಿಗೊಬ್ಬರು ಆಗದ ಈ ಇಬ್ಬರೂ 1666ರ ಜೂನ್‌ನಲ್ಲಿ ಒಟ್ಟಿಗೆ ನಿಂತು ಜನರನ್ನು ಒಪ್ಪಿಸಿದರು. ಊರಿನ ಗಡಿ ಯಾರೂ ದಾಟಬಾರದು. ಚರ್ಚಿಗೆ ಬೀಗ. ಪ್ರಾರ್ಥನೆ ಹೊರಗೆ, ಕಕ್ಲೆಟ್ ಡೆಲ್ಫ್ ಅನ್ನೋ ಕಣಿವೆಯಲ್ಲಿ, ದೂರದೂರ ನಿಂತು. ಸತ್ತವರನ್ನು ಅವರವರ ಮನೆಯವರೇ ಮಣ್ಣು ಮಾಡಬೇಕು.

ಊಟಕ್ಕೇನು ಮಾಡ್ತಿದ್ದರು ಅಂತ ತಾನೇ ಕೇಳ್ತೀಯ? ಚಾಟ್ಸ್‌ವರ್ತ್ ಅರಮನೆಯ ಶ್ರೀಮಂತ ದೊರೆ ಡೆವನ್‌ಶೈರ್ ಅರ್ಲ್ ದವಸ ಕಳಿಸಿದ. ಅಕ್ಕಪಕ್ಕದ ಊರಿನವರು ಗಡಿಯಲ್ಲಿ ಸಾಮಾನು ಇಟ್ಟು ಹೋಗ್ತಿದ್ದರು. ಸ್ಟೋನಿ ಮಿಡಲ್ಟನ್ ಊರಿಗೆ ಹೋಗೋ ಕಾಲುದಾರಿಯಲ್ಲಿ ಆ ಗಡಿಕಲ್ಲು ಈಗಲೂ ಇದೆ. ಒಂದು ದೊಡ್ಡ ಬಂಡೆ, ಮೇಲೆ ಆರು ಗುಂಡಿ. ಗುಂಡಿಗಳಿಗೆ ವಿನಿಗರ್ ತುಂಬಿ ಅದರೊಳಗೆ ದುಡ್ಡು ಹಾಕ್ತಿದ್ದರು, ರೋಗ ನಾಣ್ಯದ ಜೊತೆ ಆಚೆ ಹೋಗದಿರಲಿ ಅಂತ. ನಾನು ಬಗ್ಗಿ ಒಂದು ಗುಂಡಿಯೊಳಗೆ ಬೆರಳಿಟ್ಟೆ. ಅಂಚು ಸವೆದು ಒರಳಿನ ಬಾಯಿ ಥರ ನುಣ್ಣಗಾಗಿದೆ. ತಳದಲ್ಲಿ ಮಳೆನೀರು ನಿಂತಿತ್ತು. ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಊರಾಚೆ ರೈಲಿ ಅನ್ನೋ ಕಡೆ ಗುಡ್ಡದ ಇಳಿಜಾರಿನಲ್ಲಿ ಒಂದು ಸಣ್ಣ ಕಲ್ಲುಗೋಡೆ. ಒಳಗೆ ಹ್ಯಾನ್ಕಾಕ್ ಮನೆಯವರ ಸಮಾಧಿ ಕಲ್ಲುಗಳು. ಎಲಿಜಬೆತ್ ಹ್ಯಾನ್ಕಾಕ್ ಎಂಬಾಕೆ ಎಂಟೇ ದಿನದಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ತಾನೇ ಗುಂಡಿ ತೋಡಿ ಹೂತಳು. ಹೆಣದ ಕಾಲಿಗೆ ಬಟ್ಟೆ ಕಟ್ಟಿ ಎಳೆದುಕೊಂಡು ಹೋಗ್ತಿದ್ದಳಂತೆ. ಇದನ್ನು ಬರೆಯುವಾಗಲೂ ಕೈ ನಿಲ್ತಿದೆ ಕಣೋ. ಹೊರಗಿನವರ ಜೀವ ಉಳಿಸಿದರು ಅಂತ ಹೊಗಳೋದು ಸುಲಭ. ಆ ಎಂಟು ದಿನ ಆಕೆಯ ಜೊತೆ ಯಾರಿದ್ದರು?

ಮೋಂಪೆಸನ್ ಊರು ಮುಚ್ಚುವ ಮೊದಲು ತನ್ನ ಇಬ್ಬರು ಮಕ್ಕಳನ್ನು ಹೊರಗೆ ಕಳಿಸಿದ್ದ. ಮೊದಲು ಓದಿದಾಗ ನನಗೆ ಕೋಪ ಬಂತು. ಆಮೇಲೆ ಚರ್ಚಿನ ಅಂಗಳದಲ್ಲಿ ಅವನ ಹೆಂಡತಿ ಕ್ಯಾಥರೀನಳ ಸಮಾಧಿ ನೋಡಿದೆ. ಆಕೆ ಮಕ್ಕಳ ಜೊತೆ ಹೋಗದೆ ಗಂಡನ ಜೊತೆ ಉಳಿದಳು, ಆಗಸ್ಟ್ 25ಕ್ಕೆ ತೀರಿಕೊಂಡಳು. ಕೋಪ ಅಲ್ಲೇ ಇಳಿಯಿತು. ಅದೇ ಅಂಗಳದಲ್ಲಿ ಎಂಟನೇ ಶತಮಾನದ ಒಂದು ಕೆತ್ತಿದ ಕಲ್ಲಿನ ಶಿಲುಬೆಯೂ ಇದೆ.

1666ರ ನವೆಂಬರ್‌ನಲ್ಲಿ ಸಾವು ನಿಂತಿತು. 14 ತಿಂಗಳಲ್ಲಿ ಸುಮಾರು 260 ಜನ ಹೋಗಿದ್ದರು.

ಆ ಮನೆಗಳಲ್ಲಿ ಈಗಲೂ ಜನ ಇದ್ದಾರೆ, ಮಂಜು. ಇದೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಚರ್ಚಿನ ಪಕ್ಕದ ಸಾಲುಮನೆಗಳ ಮುಂದೆ ಹಸಿರು ಫಲಕ ಹಾಕಿದ್ದಾರೆ, ಈ ಮನೆಯಲ್ಲಿ ಸತ್ತವರು ಯಾರ್ಯಾರು ಅಂತ. ಪಕ್ಕದಲ್ಲೇ ಹೂಕುಂಡ. ಕಿಟಕಿಯೊಳಗೆ ಲೈಟು ಹತ್ತಿತ್ತು, ಯಾರೋ ಅಡುಗೆ ಮಾಡ್ತಿದ್ದರು, ಈರುಳ್ಳಿ ಹುರಿದ ವಾಸನೆ ಬೀದಿವರೆಗೂ ಬಂತು.

ನೀನು ಬರೋದಾದರೆ ಆಗಸ್ಟ್ ಕೊನೆಗೆ ಟಿಕೆಟ್ ಮಾಡಿಸು. ಆ ತಿಂಗಳ ಕೊನೇ ಭಾನುವಾರ ಸತ್ತವರ ನೆನಪಿಗೆ ಪ್ರಾರ್ಥನೆ ಇರುತ್ತೆ. ಬುಗ್ಗೆಗಳ ಹತ್ತಿರ ಹಸಿ ಜೇಡಿಮಣ್ಣಿನ ಹಲಗೆಗೆ ಹೂವಿನ ಎಸಳು ಒತ್ತಿ ಚಿತ್ರ ಮಾಡಿ ಇಡ್ತಾರೆ, ನಮ್ಮಲ್ಲಿ ರಂಗೋಲಿಗೆ ಹೂವು ತುಂಬಿದ ಹಾಗೆ. ಒಳ್ಳೇ ಬೂಟು ತಂದುಕೋ, ಗಡಿಕಲ್ಲಿನ ದಾರಿ ಕೆಸರು ಜಾಸ್ತಿ. ಅಜ್ಜಿ ಹೇಳಿದ ಕಥೆಯಲ್ಲಿ ನಿನಗೆ ಏನೇನು ನೆನಪಿದೆಯೋ ಬರಿ. ಜೋಪಡಿ ಹಾಕಿದ ಹೊಲ ಯಾವುದು ಅಂತ ಅಮ್ಮನಿಗೆ ಗೊತ್ತಾ ಕೇಳು.

ನಿನ್ನ
ಸುರೇಶ