ಆ ತೊಂಬತ್ತು ಸಿಸಿ ಯಾವ ಖಾತೆಗೆ?

ಟಿಳಕವಾಡಿ, ಬೆಳಗಾವಿ

ಪ್ರಿಯ ಗೆಳೆಯಾ,

ನನ್ನ ಸ್ತನದ ಇಂಪ್ಲಾಂಟ್ ಬದಲಿಸುವ ವಿಷಯವನ್ನು ಹೆಂಗಸರ ಮುಂದೆ ಎತ್ತಿದರೆ ಅವರು ಕಣ್ಣೀರು ತೆಗೆಯುತ್ತಾರೆ, ಗಂಡಸರ ಮುಂದೆ ಎತ್ತಿದರೆ ಅವರು ಸೀಲಿಂಗ್ ಫ್ಯಾನ್ ನೋಡತೊಡಗುತ್ತಾರೆ. ಲೆಕ್ಕ ಕೇಳುವವನು ನೀನೊಬ್ಬನೇ. ಆದ್ದರಿಂದ ವಿಜಯಪುರದಲ್ಲಿ ಭೌತಶಾಸ್ತ್ರ ಕಲಿಸಿಕೊಂಡು ಸುಖವಾಗಿರುವ ನಿನಗೆ ಈ ಪತ್ರ. ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ಖಾಸಗಿಯಾಗಿ ಬರೆದರೆ ನೀನು ಉತ್ತರಿಸುವುದಿಲ್ಲ. ನಮ್ಮ ಲ್ಯಾಬಿನ ಮೂರನೆಯ ಬೀಕರಿನ ವಿಷಯದಲ್ಲಿಯೂ ನೀನು ಹಾಗೆಯೇ ಮಾಡಿದ್ದೆ. ವೈನಿಯವರಿಗೂ ಓದಿ ಹೇಳು. ಕೆಲವು ಸಾಲುಗಳನ್ನು ಬಿಟ್ಟು ಓದಿದರೂ ನಡೆಯುತ್ತದೆ, ಯಾವುವೆಂದು ನಿನಗೇ ತಿಳಿದೀತು.

2012ರಲ್ಲಿ ಕ್ಯಾನ್ಸರಿನಿಂದಾಗಿ ನನ್ನ ಬಲ ಸ್ತನವನ್ನು ತೆಗೆದ ಮೇಲೆ ಎದೆಯ ಸ್ನಾಯುವಿನ ಅಡಿಯಲ್ಲಿ ಇರಿಸಿದ್ದ ಸಿಲಿಕೋನ್ ಇಂಪ್ಲಾಂಟನ್ನು, ಅಂದರೆ ಸ್ತನದ ಆಕಾರ ಕೊಡುವ ಜೆಲ್ ತುಂಬಿದ ಚೀಲವನ್ನು, ಈಗ ಬದಲಿಸಬೇಕಾಗಿದೆ. ಇದು ಜೀವನಪರ್ಯಂತ ಬಾಳುವ ವಸ್ತುವಲ್ಲವೆಂದು ಆಗಲೇ ಹೇಳಿದ್ದರು. ಹೊರಗಿನ ಯಾವ ವಸ್ತು ಒಳಗೆ ಬಂದರೂ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ವರ್ಷಗಳು ಕಳೆದಂತೆ ಬಿಗಿದುಕೊಂಡು, ಒಳಗಿರುವುದನ್ನು ಹಿಂಡಿ ಗಟ್ಟಿ ಮಾಡಿ ಮೇಲಕ್ಕೆ ಸರಿಸುತ್ತದೆ. ನನ್ನಲ್ಲಿ ಆದದ್ದು ಅದೇ. ಎಂಆರ್‌ಐ ಮಾಡಿಸಿದಾಗ ಇಂಪ್ಲಾಂಟಿನ ಹೊರಚೀಲವೂ ಹರಿದಿದೆಯೆಂದೂ, ಜೆಲ್ ಇನ್ನೂ ಪೊರೆಯೊಳಗೇ ಉಳಿದಿದೆಯೆಂದೂ ತಿಳಿಯಿತು. ನೋವು ಕಿಂಚಿತ್ತೂ ಇರಲಿಲ್ಲ. ಸಿಲಿಕೋನ್ ಚೀಲ ಹೀಗೆ ಸದ್ದಿಲ್ಲದೆ ಹರಿಯುವುದರಿಂದಲೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಐದಾರು ವರ್ಷಕ್ಕೆ ಮೊದಲ ಸಲ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಹೇಳುತ್ತದೆ. ಓದುತ್ತಿರುವ ಉಳಿದವರಲ್ಲಿ ಯಾರಿಗಾದರೂ ಇಂಪ್ಲಾಂಟ್ ಇದ್ದರೆ ಈ ಒಂದು ವಾಕ್ಯವನ್ನು ಬರೆದಿಟ್ಟುಕೊಳ್ಳಿ, ಉಳಿದದ್ದನ್ನು ಮರೆಯಿರಿ.

ಬದಲಿಸಬೇಕೆಂಬುದರಲ್ಲಿ ಮನೆಯಲ್ಲಿ ಯಾರದೂ ತಕರಾರಿಲ್ಲ. ತಕರಾರು ಅಳತೆಯದು.

ಸರ್ಜನ್ ನನ್ನ ಕಡೆ ತಿರುಗಿ, “ನಿಮಗೆ ಎಷ್ಟು ಬೇಕು?” ಎಂದು ಕೇಳಿದರು. ನಾನು ಹಿಂದೆ ಯಾರಾದರೂ ಕುಳಿತಿದ್ದಾರೆಯೇ ಎಂದು ತಿರುಗಿ ನೋಡಿದೆ. 2012ರಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಂದಿನ ಮಾತುಕತೆ ಆಸ್ಪತ್ರೆಯ ಹೊರಸಾಲೆಯಲ್ಲಿ ನಮ್ಮ ಯಜಮಾನರು, ದೊಡ್ಡ ಭಾವನವರು ಮತ್ತು ಅಂದಿನ ವೈದ್ಯರ ನಡುವೆ ನಡೆದು, “ಎದ್ದು ಕಾಣದಂತಿರಲಿ” ಎಂಬ ತೀರ್ಮಾನ ಒಳಗೆ ಬಂದಿತ್ತು. ಎಲ್‌ಐಸಿ ಬಾಂಡುಗಳ ಕಡತದಲ್ಲಿ ನಾನು ಜೋಪಾನವಾಗಿಟ್ಟಿರುವ ಇಂಪ್ಲಾಂಟಿನ ಕಾರ್ಡಿನ ಮೇಲೆ ಆ ತೀರ್ಮಾನ ಅಂಕಿಯಾಗಿ ನಿಂತಿದೆ: ಬಲ, ದುಂಡು, ನುಣುಪು ಮೈ, 260 ಸಿಸಿ, ಅಂದರೆ ಅಷ್ಟೇ ಮಿಲಿಲೀಟರ್. (ನುಣುಪು ಮೈ ಎಂಬುದೇ ನನ್ನ ಅದೃಷ್ಟ. 2019ರಲ್ಲಿ ಅಲರ್ಗನ್ ಕಂಪನಿ ಒರಟು ಮೈಯ ಕೆಲವು ಇಂಪ್ಲಾಂಟುಗಳನ್ನು ಅಪರೂಪದ ಒಂದು ಬಗೆಯ ಕ್ಯಾನ್ಸರಿನ (ಲಿಂಫೋಮಾ) ಕಾರಣದಿಂದ ಜಗತ್ತಿನಾದ್ಯಂತ ಹಿಂಪಡೆದಾಗ, ಈ ಕಾರ್ಡಿದ್ದದ್ದರಿಂದ ನಾನು ನಿದ್ದೆ ಮಾಡಿದೆ.)

ಈಗ ನಿನ್ನ ಲೆಕ್ಕಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಬ್ರಾ ಕೊಳ್ಳುವಾಗ ಹೇಳುವ ಬಿ, ಸಿ ಎಂಬ ಅಕ್ಷರಗಳಿಗೆ ನಿಶ್ಚಿತವಾದ ಗಾತ್ರವೇ ಇಲ್ಲ. ಎದೆಯ ಸುತ್ತಳತೆ 32 ಇದ್ದಾಗಿನ ಬಿ ಬೇರೆ, 38 ಇದ್ದಾಗಿನ ಬಿ ಬೇರೆ, ಕಂಪನಿ ಬದಲಾದರೆ ಮತ್ತೂ ಬೇರೆ. ಆದ್ದರಿಂದ ತಿಳಿದ ಸರ್ಜನ್ ಯಾರೂ ಕಪ್ಪಿನ ಭರವಸೆ ಕೊಡುವುದಿಲ್ಲ. ಅವರು ಮೊದಲು ನೋಡುವುದು ಸಿಸಿಯನ್ನೂ ಅಲ್ಲ, ಎದೆಯ ಮೇಲೆ ಸ್ತನ ಕೂರುವ ಜಾಗದ ಅಗಲವನ್ನು. ನೀನು ಪ್ರಯೋಗಾಲಯದಲ್ಲಿ ಹುಡುಗರ ಕೈಗೆ ಕೊಡುವಂತಹುದೇ ಒಂದು ಕ್ಯಾಲಿಪರಿನಿಂದ ಅಳೆದು, ನನ್ನ ಬಲಬದಿಗೆ 12 ಸೆಂಟಿಮೀಟರ್ ಅಗಲದ್ದು ಸರಿಹೋಗುತ್ತದೆ ಎಂದರು. ಅದಕ್ಕಿಂತ ಅಗಲವಾದರೆ ಒಂದು ಕಡೆ ಕಂಕುಳಿಗೆ ಒತ್ತುತ್ತದೆ, ಇನ್ನೊಂದು ಕಡೆ ನಡುವಿನ ಎಲುಬಿನ ಮೇಲೆ ಏರುತ್ತದೆ.

ನೀನು ಗೋಳಗುಮ್ಮಟದ ಜೋಕು ಮಾಡುವ ಮೊದಲೇ ನಾನೇ ಮಾಡಿಬಿಡುತ್ತೇನೆ: ಗೋಡೆಗಳ ನಡುವಿನ ಅಂತರ ಬದಲಿಸಲು ಬಾರದಿದ್ದರೆ ಗುಮ್ಮಟವನ್ನು ಎತ್ತರಿಸುವುದೊಂದೇ ದಾರಿ. ಗೋಳದ ತುಂಡಿನ ಸೂತ್ರವನ್ನು ಹಾಕಿ ನೋಡಿದೆ. ಅಡಿಯ ಅಗಲ 12 ಸೆಂಟಿಮೀಟರ್, ಎತ್ತರ 4 ಇದ್ದರೆ ಗಾತ್ರ ಸುಮಾರು 260 ಸಿಸಿ. ಎತ್ತರವನ್ನು ಮಾತ್ರ 5 ಮಾಡಿದರೆ ಸುಮಾರು 350. ಎತ್ತರವನ್ನು 4ರಲ್ಲೇ ಉಳಿಸಿ ಅಗಲವನ್ನು 13ಕ್ಕೆ ಏರಿಸಿದರೆ ಬರೀ 300ರಷ್ಟಾಗುತ್ತದೆ, ಕಂಕುಳಿನ ಕಾಟ ಉಚಿತ. ವೈದ್ಯರು ಮಾಡರೇಟ್ ಪ್ರೊಫೈಲ್, ಹೈ ಪ್ರೊಫೈಲ್ ಎಂದು ಹೇಳುವುದು ಈ ಎತ್ತರದ ಸಂಗತಿಯನ್ನೇ. ನಿಜವಾದ ಇಂಪ್ಲಾಂಟ್ ಗೋಳದ ಶುದ್ಧ ತುಂಡಲ್ಲವೆಂದು ನನಗೂ ಗೊತ್ತು, ದಯವಿಟ್ಟು ಅದನ್ನು ತಿದ್ದಿ ಕಳಿಸಬೇಡ. ಸಿಲಿಕೋನ್ ಜೆಲ್ ನೀರಿಗಿಂತ ತುಸು ಹಗುರವಾದ್ದರಿಂದ 350 ಸಿಸಿಯದು 340 ಗ್ರಾಮಿನಷ್ಟು ತೂಗುತ್ತದೆ.

ಬದಲಿಸುವಾಗಿನ ತೊಡಕು ಮೊದಲ ಸಲಕ್ಕಿಂತ ಬೇರೆ. ಒಳಗೆ ಒಂದು ಜಾಗ ಆಗಲೇ ಸಿದ್ಧವಾಗಿರುತ್ತದೆ. ದೊಡ್ಡದು ಬೇಕೆಂದರೆ ಪೊರೆಯನ್ನು ಕೊಯ್ದು ಆ ಜಾಗವನ್ನು ಹಿಗ್ಗಿಸಬೇಕು. ಚಿಕ್ಕದು ಬೇಕೆಂದರೆ ಹೊಲಿಗೆ ಹಾಕಿ ಕಿರಿದುಗೊಳಿಸಬೇಕು, ಇಲ್ಲದಿದ್ದರೆ ಹೊಸದು ಒಳಗೆ ಅಲೆದಾಡುತ್ತದೆ. ನನ್ನ ವಿಷಯದಲ್ಲಿ ಗಟ್ಟಿಯಾದ ಹಳೆಯ ಪೊರೆಯನ್ನೇ ತೆಗೆಯಬೇಕಾಗಿರುವುದರಿಂದ ಉಳಿಯುವ ಚರ್ಮ ತೆಳು, ತೆಳುವಾದ ಚರ್ಮದಡಿ ಇಂಪ್ಲಾಂಟಿನ ಅಂಚೂ ನಿರಿಗೆಯೂ ಕಾಣುವ ಸಂಭವ ಹೆಚ್ಚು, ಭಾರ ಹೆಚ್ಚಿದಷ್ಟೂ ಮುಂದೆ ಜೋತುಬೀಳುವುದೂ ಹೆಚ್ಚು. ಇವೆಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ಇದರ ಮೇಲೆ ಎಡಭಾಗದ ಸಮಸ್ಯೆ. ಬಲಭಾಗ ನನ್ನ ಮೂವತ್ತಾರನೆಯ ವಯಸ್ಸಿನಲ್ಲೇ ನಿಂತುಬಿಟ್ಟಿದೆ. ಎಡಭಾಗ ಮಾತ್ರ ನನ್ನ ಜೊತೆ ನಡೆದುಬಂದು, ಮುಟ್ಟು ನಿಂತ ಮೇಲೆ ನನ್ನಂತೆಯೇ ತುಂಬಿಕೊಂಡು, ನನ್ನಂತೆಯೇ ಇಳಿದಿದೆ. ಆದ್ದರಿಂದ ದಾರಿಗಳು ಎರಡು. ಎಡದ್ದನ್ನು ತುಸು ಕಡಿಮೆ ಮಾಡಿ ಎತ್ತಿ ಕಟ್ಟಿ, ಬಲಕ್ಕೆ ಹಿಂದಿನ 260ನ್ನೇ ಇಡುವುದು ಒಂದು. ಎಡದ ಗಾತ್ರವನ್ನು ಮುಟ್ಟದೆ ಎತ್ತಿ ಮಾತ್ರ ಕಟ್ಟಿ, ಬಲವನ್ನು 350ರ ಹತ್ತಿರಕ್ಕೆ ಒಯ್ಯುವುದು ಇನ್ನೊಂದು. ಎರಡೂ ವೈದ್ಯಕೀಯವಾಗಿ ಸರಿ, ಮೊದಲನೆಯದು ತೆಳುಚರ್ಮಕ್ಕೆ ಹೆಚ್ಚು ಹಿತ ಎಂದರು. ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನೇ ಕಸಿ ಮಾಡುವ ಮೂರನೆಯ ದಾರಿಯೂ ಇದೆ. ಬೆಳಗಾವಿಯ ಕುಂದಾ ಇಷ್ಟು ವರ್ಷ ಅಲ್ಲಿ ಮಾಡಿರುವ ಠೇವಣಿಯನ್ನು ನೋಡಿ ವೈದ್ಯರು ಉತ್ಸಾಹ ತೋರಿದರು, ಆದರೆ ಅಷ್ಟು ದೀರ್ಘವಾದ ಶಸ್ತ್ರಚಿಕಿತ್ಸೆ ನನಗೆ ಬೇಡ. ಏನನ್ನೂ ಇಡದೆ ಎದೆಯನ್ನು ಸಪಾಟಾಗಿಯೇ ಬಿಡುವುದು ನಾಲ್ಕನೆಯದು. ಅದನ್ನು ಆರಿಸಿಕೊಂಡು ನೆಮ್ಮದಿಯಿಂದಿರುವ ಗೆಳತಿ ನನಗಿದ್ದಾಳೆ, ನಾನು ಅವಳಲ್ಲ.

ಮನೆಯಲ್ಲಿ ಎಲ್ಲರ ಒಲವೂ 260ರ ಕಡೆಗೆ. “ಈ ವಯಸ್ಸಿನಲ್ಲಿ ಸಾಕಲ್ಲ” ಎಂದು ಅತ್ತೆಯವರು ಹೇಳಿದ್ದು ಪ್ರೀತಿಯಿಂದಲೇ. “ಜೀವ ಉಳಿಯಿತಲ್ಲ, ಅದೇ ದೊಡ್ಡದು” ಎಂಬ ಮಾತನ್ನು ನಾನು 2012ರಿಂದ ಕೇಳುತ್ತಿದ್ದೇನೆ, ನಾನೇ ಇತರರಿಗೆ ಹೇಳಿಯೂ ಇದ್ದೇನೆ. ಅದರ ಮುಂದೆ ಯಾರೂ ವಾದಿಸಲಾರರು. ಜೀವ ಉಳಿಸಿಕೊಂಡವಳು ಬಾಕಿ ಏನನ್ನೂ ಕೇಳಬಾರದು ಎಂಬ ಕರಾರು ಅದರೊಳಗೆ ಅಡಗಿರುತ್ತದೆ.

ವಿಮೆಯ ಪಾಲಿಸಿಯಲ್ಲಿಯೂ ಅದೇ ಕರಾರಿದೆ, ಅಡಗಿಲ್ಲ ಅಷ್ಟೇ. ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ರಚನೆಯಾದರೆ ಉಂಟು. ಅಮೆರಿಕದವರೂ 1992ರಲ್ಲಿ ಹೀಗೆಯೇ ಗೆರೆ ಎಳೆದಿದ್ದರು: ಸುರಕ್ಷತೆಯ ಸಂಶಯದಿಂದ ಸಿಲಿಕೋನ್ ಇಂಪ್ಲಾಂಟುಗಳನ್ನು ಸೌಂದರ್ಯಕ್ಕಾಗಿ ಬಳಸುವುದನ್ನು ತಡೆದು, ಸ್ತನ ಕಳೆದುಕೊಂಡವರಿಗೆ ಅಧ್ಯಯನದ ಚೌಕಟ್ಟಿನಲ್ಲಿ ಮಾತ್ರ ಉಳಿಸಿದರು, ಆ ಗೆರೆ ಅಳಿದದ್ದು 2006ರಲ್ಲಿ. ಗೆರೆಯ ಒಂದು ಕಡೆ ಅಗತ್ಯವಿರುವ ಹೆಂಗಸರು, ಇನ್ನೊಂದು ಕಡೆ ಆಸೆಪಡುವ ಹೆಂಗಸರು. ನಾನು ಸಾಲುಗಟ್ಟಿ ನಿಂತಿರುವುದು ಯಾವ ಕಡೆ ಎಂದು ನನಗೆ ಈವರೆಗೆ ಸಂಶಯವಿರಲಿಲ್ಲ. ಈಗ ನೋಡಿದರೆ 260 ಸಿಸಿ ಅಗತ್ಯದ ಕಡೆ ನಿಂತಿದೆ, ಮೇಲಿನ 90 ಆಚೆ ಕಡೆಗೆ ಹೆಜ್ಜೆ ಇಟ್ಟಿದೆ. ಇನ್ಶೂರೆನ್ಸಿನವರು ಹೀಗೆ ಬಿಡಿಸಿ ನೋಡುವುದಿಲ್ಲ, ಅವರಿಗೆ ಎರಡೂ ಒಂದೇ ಬಿಲ್ಲು. ಬಿಡಿಸಿ ನೋಡುತ್ತಿರುವವಳು ನಾನೇ.

ಮೊದಲ ಸಿಲಿಕೋನ್ ಇಂಪ್ಲಾಂಟುಗಳನ್ನು 1962ರಲ್ಲಿ ಹ್ಯೂಸ್ಟನ್ನಿನಲ್ಲಿ ಪಡೆದ ಟಿಮ್ಮಿ ಜೀನ್ ಲಿಂಡ್ಸಿ ಎಂಬಾಕೆಯ ಕಥೆ ನಿನಗೆ ಗೊತ್ತೇ? ಆಕೆ ಆಸ್ಪತ್ರೆಗೆ ಹೋದದ್ದು ಹಚ್ಚೆ ಅಳಿಸಿಕೊಳ್ಳಲು. ಗೆರೋ ಮತ್ತು ಕ್ರೋನಿನ್ ಎಂಬ ವೈದ್ಯರ ಹೊಸ ಪ್ರಯೋಗಕ್ಕೆ ಸಿದ್ಧಳಿದ್ದೀಯಾ ಎಂದು ಕೇಳಿದಾಗ, ತನಗೆ ನಿಜವಾಗಿ ಬೇಕಾದದ್ದು ಮುಂದಕ್ಕೆ ಚಾಚಿದ ಕಿವಿಗಳನ್ನು ಹಿಂದಕ್ಕೆ ಕೂರಿಸುವುದು ಎಂದಳಂತೆ. ಕೊನೆಗೆ ಎರಡನ್ನೂ ಮಾಡಿದರು. ನನಗೆ ಆಕೆಯ ಕಿವಿಗಳ ಮೇಲೆ ತುಂಬಾ ಗೌರವ. ಏನು ಬೇಕೆಂದು ಕೇಳುವವರಿಲ್ಲದ ಕಡೆಯೂ ತನಗೆ ಬೇಕಾದದ್ದನ್ನು ಹೇಳಿದಳು.

ಮನೆಯಲ್ಲಿ ಗಾತ್ರವನ್ನು ಅಂದಾಜು ಮಾಡಲು ಹೆಂಗಸರು ಬಳಸುವ ಉಪಾಯವೊಂದಿದೆ: ಅಳತೆಯ ಪಾತ್ರೆಯಿಂದ ಅಕ್ಕಿ ಅಳೆದು, ತೆಳುವಾದ ಕಾಲುಚೀಲದಲ್ಲಿ ಗಂಟುಕಟ್ಟಿ, ಒಳಗೆ ಧರಿಸಿ ನೋಡುವುದು. ಕಾಳುಗಳ ನಡುವೆ ಗಾಳಿಯಿರುವುದರಿಂದ ತೂಕ ಕಡಿಮೆ ಬರುತ್ತದೆ, ಸ್ನಾಯುವಿನಡಿ ಹೋದ ಇಂಪ್ಲಾಂಟ್ ಒತ್ತಿಸಿಕೊಂಡು ಇದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಆದರೂ ಕನ್ನಡಿಗೆ ಒಂದು ಅಂದಾಜು ಸಿಗುತ್ತದೆ. ನನ್ನ ಬಲಬದಿಯಲ್ಲಿ ಆಗಲೇ 260 ಇರುವುದರಿಂದ ವ್ಯತ್ಯಾಸದಷ್ಟೇ, ಅಂದರೆ 90 ಮಿಲಿಲೀಟರ್ ಸೋನಾಮಸೂರಿಯನ್ನು ಕಟ್ಟಿದೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿ, ಗುಳೇದಗುಡ್ಡದ ಖಣದ ಕುಬಸ ತೊಟ್ಟು, ಸೀರೆ ಉಟ್ಟು ನಿಂತೆ.

ಖಡೇಬಜಾರಿನ ಟೇಲರ್ ಕಾಕಾ ನಿನಗೆ ನೆನಪಿರಬೇಕು. ಮೊದಲೆಲ್ಲ ಟೇಪು ಹಿಡಿದು ಅಂಕಿಗಳನ್ನು ಕೂಗಿ ಹೇಳುತ್ತಿದ್ದರು, ಹುಡುಗ ಬರೆದುಕೊಳ್ಳುತ್ತಿದ್ದ. 2012ರ ನಂತರ ನನ್ನ ಅಳತೆಯನ್ನು ಕೂಗುವುದನ್ನು ನಿಲ್ಲಿಸಿ, ಕಿವಿಯಲ್ಲಿನ ಪೆನ್ಸಿಲ್ ತೆಗೆದು ತಾವೇ ಬರೆದುಕೊಳ್ಳತೊಡಗಿದರು. ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ, ಬಲಬದಿಗೆ ಒಂದು ಪದರ ಅಸ್ತರಿ ಹೆಚ್ಚಾಗಿ ಬಂತು. ಸೆರಗು ಎಡಭುಜಕ್ಕೆ ಹೋಗುವುದರಿಂದ ಬಲಬದಿಗೆ ಸಿಗುವ ಮರೆ ಕಡಿಮೆ, ಆ ಅಸ್ತರಿಯೇ ನನ್ನ ಧೈರ್ಯ. ಅಂದು ಅಸ್ತರಿಯ ಅಗತ್ಯ ಕಾಣಲಿಲ್ಲ. ಚೆನ್ನಾಗಿ ಕಾಣುತ್ತಿದ್ದೆ, ಗೆಳೆಯಾ. ಸರಿಸಮವಾಗಿ ಕಾಣುತ್ತಿದ್ದೆ ಎಂದು ಬರೆಯಲು ಹೊರಟಿದ್ದೆ, ವೈದ್ಯರಿಗೆ ಹಾಗೆಯೇ ಹೇಳಬೇಕೆಂದೂ ಇದ್ದೇನೆ. ಆದರೆ ನನಗೆ ಖುಷಿಯಾದದ್ದು ಅದಕ್ಕಲ್ಲ. ಪಕ್ಕಕ್ಕೆ ತಿರುಗಿ ನೋಡಿಕೊಂಡೆ, ಮತ್ತೆ ತಿರುಗಿ ನೋಡಿಕೊಂಡೆ, ಅಷ್ಟರಲ್ಲಿ ಕೊರಿಯರಿನವನು ಬಂದ. ಗಂಟನ್ನು ತೆಗೆಯದೆ ಹೋಗಿ ಬಾಗಿಲು ತೆರೆದೆ, ಸಹಿ ಹಾಕಿದೆ, ಅವನ ಊರು ಯಾವುದೆಂದು ಅನಗತ್ಯವಾಗಿ ವಿಚಾರಿಸಿದೆ.

ಆ ಭಾಗಕ್ಕೆ ಸ್ಪರ್ಶ ತಿಳಿಯುವುದಿಲ್ಲ. ಸ್ತನ ತೆಗೆಯುವಾಗ ನರಗಳೂ ಹೋಗುತ್ತವೆ. ಬಿಸಿನೀರು ಬಿದ್ದರೆ ಚರ್ಮ ಕೆಂಪಾಗಿದ್ದನ್ನು ನೋಡಿ ತಿಳಿಯಬೇಕು. ನಮ್ಮ ಯಜಮಾನರ ಕೈ ಎಡಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ, ಬಲಕ್ಕೆ ದಾಟಿ ಬಹಳ ವರ್ಷಗಳಾದವು. ಅದು ಹೆದರಿಕೆಯೋ ಮರ್ಯಾದೆಯೋ ನಾವು ಮಾತಾಡಿಲ್ಲ. ಹಾಗಿದ್ದ ಮೇಲೆ ಮುಟ್ಟಿದರೆ ನನಗೆ ತಿಳಿಯದ, ಬೇರೆ ಯಾರೂ ಮುಟ್ಟದ ಜಾಗಕ್ಕೆ ಇನ್ನೂ 90 ಸಿಸಿ ಯಾರಿಗಾಗಿ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ನನ್ನ ಕಣ್ಣುಗಳಿಗಾಗಿ ಎಂಬುದರ ಹೊರತು ಬೇರೇನೂ ಸಿಗುತ್ತಿಲ್ಲ, ಮತ್ತು ಬರೀ ನನ್ನ ಕಣ್ಣುಗಳಿಗಾಗಿ ಎದೆ ಕೊಯ್ಯಿಸಿಕೊಳ್ಳುವಷ್ಟು ಆಸೆ ನನ್ನಲ್ಲಿ ಇನ್ನೂ ಇದೆ ಎಂಬುದು ಕ್ಯಾನ್ಸರಿನ ವರದಿ ಬಂದ ದಿನಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸಿದೆ.

ವೈನಿಯವರಿಗೆ ಓದುವಾಗ ಬಿಡಬೇಕಾದ ಸಾಲುಗಳು ಮೇಲಿನವು. ನಮ್ಮ ಯಜಮಾನರು ನನ್ನ ಬರಹಗಳನ್ನು ಮೂರನೆಯ ಪ್ಯಾರಾದಾಚೆ ಓದಿದ ದಾಖಲೆಯಿಲ್ಲವಾದ್ದರಿಂದ ಅವರ ಚಿಂತೆ ನಿನಗೆ ಬೇಡ.

ಒಪ್ಪಿಗೆಪತ್ರದಲ್ಲಿ ಒಂದೇ ಅಂಕಿ ಬರೆಯಬೇಕಾಗಿಲ್ಲವಂತೆ. ಹಲವು ಗಾತ್ರದವನ್ನು ಮೊದಲೇ ತರಿಸಿಟ್ಟು, ಶಸ್ತ್ರಚಿಕಿತ್ಸೆಯ ನಡುವೆ ತಾತ್ಕಾಲಿಕವಾದೊಂದನ್ನು ಒಳಗಿರಿಸಿ, ಟೇಬಲ್ಲಿನ ಮೇಲೆ ನನ್ನನ್ನು ಎಬ್ಬಿಸಿ ಕೂರಿಸಿದಂತೆ ಮಾಡಿ ಎರಡೂ ಬದಿಯನ್ನು ಹೋಲಿಸಿ ನೋಡಿ, ಆಮೇಲೆ ನಿಜವಾದದ್ದನ್ನು ಇಡುತ್ತಾರಂತೆ. ಅಂತೂ ಅಂತಿಮ ತೀರ್ಮಾನದ ಹೊತ್ತಿಗೆ ಈ ಸಲವೂ ನಾನು ನಿದ್ದೆಯಲ್ಲಿರುತ್ತೇನೆ. ಅದಕ್ಕೇ “320ರಿಂದ 350ರ ನಡುವೆ, ಚರ್ಮ ತಡೆದರೆ 350” ಎಂದು ನನ್ನ ಕೈಯಲ್ಲೇ ಬರೆದುಕೊಟ್ಟಿದ್ದೇನೆ. ಲೆಕ್ಕದಲ್ಲಿ ತಪ್ಪು ಕಂಡರೆ ಶಸ್ತ್ರಚಿಕಿತ್ಸೆಗೆ ಮೊದಲು ತಿಳಿಸು. ಆಮೇಲೆ ತಿಳಿಸಿದರೆ ನಿನ್ನನ್ನು ಆ ಬೀಕರಿನಲ್ಲೇ ಮುಳುಗಿಸುತ್ತೇನೆ.

ಅಂದಹಾಗೆ, ಕಟ್ಟಿದ ಆ ಅಕ್ಕಿ ಏನಾಯಿತೆಂದು ವೈನಿಯವರು ಖಂಡಿತ ಕೇಳುತ್ತಾರೆ. ಡಬ್ಬಿಗೇ ಸುರಿದೆ, ರಾತ್ರಿ ಚಿತ್ರಾನ್ನವಾಯಿತು. ಅತ್ತೆಯವರು ಎರಡನೆಯ ಸಲ ಬಡಿಸಿಕೊಂಡು, ಇವತ್ತು ಯಾಕೋ ಸ್ವಲ್ಪ ಕಡಿಮೆಯೇ ಮಾಡಿದ್ದೀ ಎಂದರು.

ನಿನ್ನ ಹಳೆಯ ಲ್ಯಾಬ್ ಪಾರ್ಟ್ನರ್