ಡೇಟಾ ಸೆಂಟರ್‌ಗಿಂತ ಮೊದಲು ವಿದ್ಯುತ್ ಉಪಕೇಂದ್ರ ಬರಲಿ

ಹೊಸ ಡೇಟಾ ಸೆಂಟರ್‌ಗಳಿಗೆ ಅನುಮತಿ ನೀಡುವ ಮುನ್ನ ಸರ್ಕಾರ ವಿದ್ಯುತ್ ಜಾಲದ ಸಾಮರ್ಥ್ಯವನ್ನು ಲೆಕ್ಕ ಹಾಕಬೇಕು. ಮಾಹಿತಿ ಸಂಗ್ರಹಿಸಿ ಸಂಸ್ಕರಿಸುವ ಸಾಲುಸಾಲು ಕಂಪ್ಯೂಟರ್‌ಗಳನ್ನು ತುಂಬಿಕೊಂಡು ಹಗಲಿರುಳು ವಿದ್ಯುತ್ ಬೇಡುವ ಈ ಕಟ್ಟಡಗಳು ಒಂದೆರಡು ವರ್ಷಗಳಲ್ಲೇ ಎದ್ದು ನಿಲ್ಲಬಲ್ಲವು. ಪ್ರಸರಣ ಮಾರ್ಗಗಳು ಮಾತ್ರ ಜಮೀನಿನ ತಕರಾರಿನಲ್ಲೇ ವರ್ಷಗಟ್ಟಲೆ ಸಿಲುಕುತ್ತವೆ. 2024ರ ಜುಲೈನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಮಾರ್ಗವೊಂದರ ದೋಷದಿಂದ ಸುಮಾರು 1,500 ಮೆಗಾವಾಟ್‌ನಷ್ಟು ಡೇಟಾ ಸೆಂಟರ್ ಹೊರೆ ಏಕಕಾಲಕ್ಕೆ ಜಾಲದಿಂದ ಕಳಚಿಕೊಂಡು ವೋಲ್ಟೇಜ್ ಏರಿತ್ತು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಒಟ್ಟು ಸಾಮರ್ಥ್ಯವೇ 1,720 ಮೆಗಾವಾಟ್ ಎಂಬುದನ್ನು ನೆನೆದರೆ ಆ ಹೊರೆಯ ಗಾತ್ರ ಅರ್ಥವಾದೀತು. ಮೇ ತಿಂಗಳ ಧಗೆಯಲ್ಲಿ ಓಣಿಯ ಟಿ.ಸಿ. (ವಿದ್ಯುತ್ ಪರಿವರ್ತಕ) ಸುಟ್ಟರೆ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಕಲಬುರಗಿಯವರಿಗೆ ಇದು ದೂರದ ಸುದ್ದಿಯಲ್ಲ. ಇಂಥ ಘಟಕಗಳಿಗೆ ಪ್ರತ್ಯೇಕ ಉಪಕೇಂದ್ರ ಹಾಗೂ ಬ್ಯಾಟರಿ ಸಂಗ್ರಹವನ್ನು ಕಡ್ಡಾಯಗೊಳಿಸಿ, ಅವುಗಳ ವೆಚ್ಚವನ್ನು ಗೃಹಬಳಕೆಯ ಗ್ರಾಹಕರ ಬಿಲ್ಲಿಗೆ ಸೇರಿಸದೆ ಕಂಪನಿಗಳಿಂದಲೇ ವಸೂಲು ಮಾಡಬೇಕು.

– ಓದುಗ, ಕಲಬುರಗಿ