ತುಂಡಾದ ನರಕ್ಕೆ ಕಾಲಮಿತಿಯಿದೆ

ಮಾನ್ಯ ಸಂಪಾದಕರೇ,

ಕೈಕಾಲಿನ ನರ ತುಂಡಾದವರಿಗೆ ‘ಬೆಳವಣಿಗೆ ಅಂಶ’ಗಳ, ಅಂದರೆ ನರ ಬೆಳೆಯಲು ನೆರವಾಗುವ ಪ್ರೋಟೀನುಗಳ, ಇಂಜೆಕ್ಷನ್ ಕೊಟ್ಟರೆ ನರ ತಾನಾಗಿ ಚಿಗುರುತ್ತದೆ ಎಂಬ ಮಾತು ಆರೋಗ್ಯ ಬರಹಗಳಲ್ಲಿ ಆಗಾಗ ಕಾಣಿಸುತ್ತದೆ. ಇದನ್ನು ನಂಬಿ ಶಸ್ತ್ರಚಿಕಿತ್ಸೆಯನ್ನು ಮುಂದೂಡುವವರಿಗೆ ಆಗುವ ನಷ್ಟ ದೊಡ್ಡದು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ನರ ತುಂಡಾದಾಗ ಗಾಯದಿಂದ ಆಚೆಗಿನ ನರತಂತುಗಳು ಕೆಲವೇ ದಿನಗಳಲ್ಲಿ ನಶಿಸುತ್ತವೆ. ಆದರೆ ಅವನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಉಳಿದುಕೊಂಡು, ಹಳೆಯ ತಂತುವಿದ್ದ ಕೊಳವೆಯಂಥ ಹೊದಿಕೆಯೊಳಗೆ ಸಾಲುಗಟ್ಟಿ, ಎನ್‌ಜಿಎಫ್, ಬಿಡಿಎನ್‌ಎಫ್, ಜಿಡಿಎನ್‌ಎಫ್ ಮುಂತಾದ ಬೆಳವಣಿಗೆಯ ಪ್ರೋಟೀನುಗಳನ್ನು ಸ್ರವಿಸತೊಡಗುತ್ತವೆ. ಹೊಸ ತಂತುವಿನ ತುದಿ ಆ ಸಾಲಿನ ಜಾಡು ಹಿಡಿದು ದಿನಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮುಂದೆ ಸಾಗುತ್ತದೆ. ಗಾಯ ಭುಜದ ಬಳಿ ಆಗಿದ್ದರೆ ಅಂಗೈಯ ಸಣ್ಣ ಸ್ನಾಯುಗಳನ್ನು ಮುಟ್ಟಲು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ತೊಡಕಿರುವುದು ಇಲ್ಲಿಯೇ. ತಂತು ಬಾರದೆ ತಿಂಗಳುಗಳು ಉರುಳಿದಂತೆ ಶ್ವಾನ್ ಕೋಶಗಳ ಸ್ರಾವ ಕುಗ್ಗುತ್ತಾ ಹೋಗುತ್ತದೆ. ಅತ್ತ ಸ್ನಾಯುವೂ ಸೊರಗಿ, ಸುಮಾರು 12ರಿಂದ 18 ತಿಂಗಳಾದ ಮೇಲೆ ನರ ತಲುಪಿದರೂ ಹೆಚ್ಚಿನ ಚೇತರಿಕೆ ಕಾಣುವುದಿಲ್ಲ.

ಕಡಿಮೆಯಾದ ಅಂಶವನ್ನು ಹೊರಗಿನಿಂದ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜ. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಸಂಶೋಧನೆಯ ಭಾಗವಾದ ಎನ್‌ಜಿಎಫ್, ಮುಖ್ಯವಾಗಿ ನೋವು, ಶಾಖಗಳನ್ನು ತಿಳಿಸುವ ನರಕೋಶಗಳಿಗೆ ಬೇಕಾದದ್ದೇ ಹೊರತು ಸ್ನಾಯುವನ್ನು ಚಲಿಸುವಂತೆ ಮಾಡುವ ನರಕೋಶಗಳಿಗಲ್ಲ. ಮಧುಮೇಹದ ನರಬೇನೆಗೆಂದು ಅದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಫಲ ಸಿಗಲಿಲ್ಲ, ಚುಚ್ಚಿದ ಜಾಗದಲ್ಲಿ ನೋವು ಮಾತ್ರ ಕಾಡಿತು. ಕಣ್ಣಿನ ಕಾರ್ನಿಯಾದ ಒಂದು ನರಸಂಬಂಧಿ ರೋಗಕ್ಕೆ ಎನ್‌ಜಿಎಫ್ ಕಣ್ಣಿನ ಹನಿಯಾಗಿ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ನಿಜ, ಆದರೆ ಅದು ತುಂಡಾದ ನರದ ಮಾತಲ್ಲ. ಚಲನೆಯ ನರಕೋಶಗಳಿಗೆ ಒದಗಿಬರುವ ಜಿಡಿಎನ್‌ಎಫ್‌ನ ಕಥೆ ಇನ್ನೂ ಕುತೂಹಲದ್ದು. ಇಲಿಗಳ ನರದ ಒಂದೇ ಜಾಗದಲ್ಲಿ ಅದು ಬಿಡದೆ ಉತ್ಪತ್ತಿಯಾಗುವಂತೆ ಮಾಡಿದಾಗ, ತಂತುಗಳು ಸ್ನಾಯುವಿನ ಕಡೆಗೆ ಹೋಗದೆ ಅಲ್ಲೇ ಸುರುಳಿಗಟ್ಟಿ ಉಳಿದುಬಿಟ್ಟವು. ಎಲ್ಲಿ, ಎಷ್ಟು ಕಾಲ ಎಂಬುದನ್ನು ನಿಯಂತ್ರಿಸುವ ವಿಧಾನ ಕೈಗೂಡದ ಹೊರತು ಇಂಜೆಕ್ಷನ್‌ನ ಭರವಸೆ ಅವಸರದ್ದು ಎಂದೇ ನನ್ನ ಅಭಿಪ್ರಾಯ.

ದೇಹವೇ ಈ ಅಂಶಗಳನ್ನು ಧಾರಾಳವಾಗಿ ಸ್ರವಿಸುತ್ತಿರುವಾಗ ನರದ ತುದಿಗಳನ್ನು ಹೊಲಿದು ಕೂಡಿಸುವುದು ಇಂದಿಗೂ ನಂಬಬಹುದಾದ ದಾರಿ. ಹರಿತವಾದ ವಸ್ತುವಿನಿಂದ ಕಡಿದ ನರವನ್ನು ಆದಷ್ಟು ಬೇಗ ಹೊಲಿಸಬೇಕು, ಗಾಯ ತೆರೆಯದ ಪೆಟ್ಟಿನಲ್ಲಿ ಮೂರು ತಿಂಗಳಾದರೂ ಚಲನೆ ಮರಳದಿದ್ದರೆ ನರಶಸ್ತ್ರಚಿಕಿತ್ಸಕರನ್ನು ಕಾಣಲೇಬೇಕು. ಇಂಥ ಚಿಕಿತ್ಸೆಗಳ ಬಗ್ಗೆ ಲೇಖನ ಪ್ರಕಟಿಸುವಾಗ ಈ ಎರಡು ಮಾತುಗಳನ್ನೂ ಜೊತೆಗೆ ಅಚ್ಚು ಹಾಕಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ